ಮಗನಿಗೆ ಸಮಜಾಯಿಷಿ ಬೇಡ, ಗೆಳತಿಗೆ ಬೇಕು

ಪತ್ರದ ಸಾರ: ನನಗೆ 59 ವರ್ಷ. ಬ್ಯಾಂಕಿನಿಂದ ನಿವೃತ್ತಳಾಗಿ ದಾವಣಗೆರೆಯಲ್ಲಿ ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದೇನೆ. ಯಜಮಾನರು ತೀರಿಕೊಂಡು ನಾಲ್ಕು ವರ್ಷ. ನಾವು ಐದು ಜನ ಹೆಂಗಸರು ಹದಿನೈದು ದಿನಕ್ಕೊಮ್ಮೆ ಸೇರಿ ಪುಸ್ತಕ ಓದುತ್ತೇವೆ. ಈ ಸಲ ನಾನೇ ಹಟ ಹಿಡಿದು ಕ್ಯಾಸನೋವಾನ ಆತ್ಮಕಥೆಯ ಸಂಕ್ಷಿಪ್ತ ಇಂಗ್ಲಿಷ್ ಅನುವಾದ ತರಿಸಿದೆ. ರಾತ್ರಿ ಒಂದೂವರೆವರೆಗೂ ಬಿಡದೆ ಓದಿದೆ. ಬೆಳಿಗ್ಗೆ ನನ್ನ ಹೊದಿಕೆ ಮಡಚುವಾಗ ಪುಸ್ತಕ ಸೊಸೆಯ ಕಣ್ಣಿಗೆ ಬಿದ್ದಿದೆ. ನನಗೆ ಏನೂ ಅನ್ನದೆ ಗಂಡನ ಹತ್ತಿರ ಚಾಡಿ ಹೇಳಿದ್ದಾಳೆ. ಮಗ ಬಂದು, "ಅಮ್ಮ, ಈ ವಯಸ್ಸಲ್ಲಿ ನಿಂಗಿದೆಲ್ಲ ಬೇಕಿತ್ತಾ? ಮನೇಲಿ ಮಗು ಇದೆ" ಅಂದ. ಗುಂಪಿನಲ್ಲೂ ಒಬ್ಬಳು ಅರ್ಧಕ್ಕೇ ಎದ್ದು ಹೋದಳು. ನನ್ನಲ್ಲೇ ಏನಾದರೂ ಐಬಿದೆಯಾ? ಪುಸ್ತಕ ರದ್ದಿಗೆ ಹಾಕಲಾ? ಸೊಸೆಯ ಮುಖ ಹೇಗೆ ನೋಡಲಿ?

ನಮಸ್ಕಾರ.

ಆರು ಪುಟ ಬರೆದಿದ್ದೀರಿ. ಮೂರನೇ ಪುಟದಲ್ಲಿ ಒಂದು ಸಾಲು ಬರೆದು ಅದರ ಮೇಲೆ ಪೆನ್ನಿನಿಂದ ಗೀಚಿದ್ದೀರಿ. ಗೀಚಿದ್ದು ಸಾಲದು, ಓದಲಿಕ್ಕೆ ಬರುತ್ತದೆ. ಓದುವಾಗ ಮೈ ಬೆಚ್ಚಗಾಯಿತು ಎಂಬ ಮಾತು ಅದು. ಮೊದಲು ಅದನ್ನೇ ಮಾತಾಡೋಣ. ಐಬಿಲ್ಲ. ಗಂಡ ಹೋದ ದಿನವೇ ಹೆಂಡತಿಯ ಮೈ ರಾಜೀನಾಮೆ ಕೊಡುವುದಿಲ್ಲ. ನಿಮ್ಮ ಮೈ ನಿಮ್ಮ ಜೊತೆಗೇ ಇದೆ ಎಂದು ಗೊತ್ತಾಗಿದೆ, ಅಷ್ಟೇ. ಅದಕ್ಕೆ ಯಾರ ಹತ್ತಿರವೂ ಕ್ಷಮೆ ಕೇಳಬೇಕಿಲ್ಲ, ಸೊಸೆಯ ಮುಖ ತಪ್ಪಿಸಿ ಓಡಾಡಬೇಕಿಲ್ಲ.

ಓದುತ್ತ ಓದುತ್ತ ನಕ್ಕಿದ್ದಕ್ಕೂ ನಾಚಿಕೆಪಡಬೇಡಿ. ಆ ಪುಸ್ತಕ ಬರೀ ಹಾಸಿಗೆಯ ಕಥೆಯಲ್ಲ, ಅದು ನಿಮಗೆ ಗೊತ್ತು. ನಿಮ್ಮ ಮಗನಿಗೆ ಗೊತ್ತಿರಲಾರದು. ಹೆಣ್ಣುಗಳ ಹಿಂದೆ ಸುತ್ತುವವನನ್ನು ಚುಡಾಯಿಸುವ ಹೆಸರಾಗಿಯಷ್ಟೇ ಕ್ಯಾಸನೋವಾ ನಮ್ಮಲ್ಲಿ ಪರಿಚಿತ. 1725ರಲ್ಲಿ ವೆನಿಸ್‌ನಲ್ಲಿ ನಾಟಕದವರ ಮಗನಾಗಿ ಹುಟ್ಟಿ, ಪಾದ್ರಿಯಾಗಲು ಹೊರಟು, ನಾಟಕಶಾಲೆಯಲ್ಲಿ ಪಿಟೀಲು ಬಾರಿಸಿ, ಪ್ಯಾರಿಸ್ಸಿನಲ್ಲಿ ಸರ್ಕಾರಿ ಲಾಟರಿ ನಡೆಸಿದ ಮನುಷ್ಯ. 1756ರಲ್ಲಿ ವೆನಿಸ್ಸಿನ ಆಡಳಿತದ ಮುಖ್ಯಸ್ಥ ಡೋಜ್‌ನ ಅರಮನೆಯ ಸೀಸದ ಸೂರಿನ ಕೆಳಗಿದ್ದ ಜೈಲಿನಿಂದ ಸೂರು ಕಿತ್ತು ಪಾರಾಗಿ ಬಂದದ್ದನ್ನು ಅವನು ಹೇಳುವ ಧಾಟಿಗೆ ಯಾರಾದರೂ ರಾತ್ರಿ ಒಂದೂವರೆವರೆಗೆ ಎದ್ದಿರುತ್ತಾರೆ. ತನ್ನ ಗುಹ್ಯರೋಗಗಳ ಪಟ್ಟಿಯನ್ನೂ ಕೊಡುತ್ತಾನೆ. ವಯಸ್ಸಾದ ಒಬ್ಬ ಸಿರಿವಂತ ಮಾರ್ಕಿಸ್ ಹೆಂಗಸಿಗೆ ಮಾಟಮಂತ್ರದ ಆಸೆ ತೋರಿಸಿ ವರ್ಷಗಟ್ಟಲೆ ದುಡ್ಡು ಕಿತ್ತದ್ದನ್ನೂ ಮುಚ್ಚಿಡುವುದಿಲ್ಲ. ಹೆನ್ರಿಯೆಟ್ಟಾಳ ಭಾಗ ಓದಿ ಅಳು ಬಂತು ಎಂದಿದ್ದೀರಿ. "ನೀನು ಹೆನ್ರಿಯೆಟ್ಟಾಳನ್ನೂ ಮರೆಯುತ್ತೀಯ" ಎಂದು ಜಿನೀವಾದ ಹೋಟೆಲಿನ ಕಿಟಕಿ ಗಾಜಿನ ಮೇಲೆ ವಜ್ರದ ಮೊನೆಯಿಂದ ಗೀರಿ ಹೋದವಳು, ಅವನಿಗಿಂತ ಒಂದು ಕೈ ಮೇಲಿದ್ದವಳು. ಅಲ್ಲಿ ಅಳು ಬಂದರೆ ನಿಮ್ಮ ಓದು ಸರಿಯಾಗಿಯೇ ಇದೆ.

ಇನ್ನು ಮುಜುಗರದ ವಿಷಯ. ಈ ಪುಸ್ತಕ ಕಂಡು ಮುಜುಗರಪಟ್ಟವರಲ್ಲಿ ನಿಮ್ಮ ಸೊಸೆಯೇನೂ ಮೊದಲಿನವಳಲ್ಲ. ಮುದುಕನಾದ ಮೇಲೆ ಬೊಹೀಮಿಯಾದ ಡುಕ್ಸ್ ಎಂಬ ಊರಿನ ಕೋಟೆಯಲ್ಲಿ ಒಬ್ಬ ಕೌಂಟ್‌ನ ಪುಸ್ತಕ ಭಂಡಾರ ನೋಡಿಕೊಂಡು, ಆಳುಕಾಳುಗಳ ಜೊತೆ ಊಟ ತಿಂಡಿಗೆಲ್ಲ ಜಗಳವಾಡಿಕೊಂಡು, ಒಂಟಿಯಾಗಿ ಬಿದ್ದಿದ್ದಾಗ ಅವನು ಬರೆದದ್ದು ಇದು. ಫ್ರೆಂಚಿನಲ್ಲಿ, ಸುಮಾರು 3,700 ಪುಟ. 1798ರಲ್ಲಿ ಸತ್ತ. 1821ರಲ್ಲಿ ಹಸ್ತಪ್ರತಿ ಲೈಪ್‌ಜಿಗ್‌ನ ಬ್ರೋಕ್‌ಹೌಸ್ ಪ್ರಕಾಶಕರ ಕೈಸೇರಿತು. ಅವರು ಅದನ್ನು ಇದ್ದ ಹಾಗೆ ಅಚ್ಚು ಹಾಕಲು ಅಂಜಿ, ಲಾಫೋರ್ಗ್ ಎಂಬ ಫ್ರೆಂಚ್ ಮೇಷ್ಟರಿಂದ ತಿದ್ದಿಸಿದರು. ಮೇಷ್ಟರು ಶೃಂಗಾರಕ್ಕೆ ಸೆರಗು ಹೊದಿಸಿದ್ದಲ್ಲದೆ ತಮ್ಮ ರಾಜಕೀಯ ಅಭಿಪ್ರಾಯಗಳನ್ನೂ ಮಧ್ಯೆ ತುರುಕಿದರು. ಹಾಗೆ ತಿದ್ದಿದ್ದನ್ನೂ ಕ್ಯಾಥೊಲಿಕ್ ಚರ್ಚು ನಿಷೇಧದ ಪಟ್ಟಿಗೆ ಹಾಕಿತು. ಅವನು ಬರೆದ ಹಾಗೆಯೇ ಪೂರ್ತಿ ಅಚ್ಚಾಗಲು ಶುರುವಾದದ್ದು 1960ರಲ್ಲಿ. 2010ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ಆ ಹಸ್ತಪ್ರತಿಯನ್ನು 70 ಲಕ್ಷ ಯೂರೋಗೂ ಹೆಚ್ಚು ಬೆಲೆಗೆ ಕೊಂಡಿತು. ಒಂದು ದೇಶ ಅಷ್ಟು ದುಡ್ಡು ಕೊಟ್ಟು ಇಟ್ಟುಕೊಂಡದ್ದನ್ನು ನೀವು ದಿಂಬಿನ ಪಕ್ಕ ಇಟ್ಟುಕೊಂಡಿರಿ. ರದ್ದಿಗೆ ಹಾಕುವ ಮಾತು ಬಿಡಿ.

"ಈ ವಯಸ್ಸಲ್ಲಿ" ಎಂಬ ಮಾತು ನಿಮಗೆ ಚುಚ್ಚಿದೆ. ನಿಮ್ಮ ಯಜಮಾನರು ಇದೇ ಪುಸ್ತಕ ಹಿಡಿದು ವರಾಂಡದಲ್ಲಿ ಕೂತಿದ್ದರೆ ಮಗ ಏನನ್ನುತ್ತಿದ್ದ? "ಅಪ್ಪ ಏನೇನೋ ಓದ್ತಾರೆ ಮಾರಾಯ್ತಿ" ಎಂದು ಹೆಂಡತಿಯ ಜೊತೆ ನಕ್ಕು ಸುಮ್ಮನಾಗುತ್ತಿದ್ದ. ಈ ತಾರತಮ್ಯ ಹಳೆಯದು. ಕ್ಯಾಸನೋವಾ ಬದುಕಿದ್ದ ಕಾಲದಲ್ಲೇ ತಂಜಾವೂರಿನ ಆಸ್ಥಾನದಲ್ಲಿ ಮುದ್ದುಪಳನಿ ಎಂಬಾಕೆ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಬರೆದಳು. ಆತ್ಮಕಥೆಯಲ್ಲ, ಕಾವ್ಯ, ಆದರೆ ಹೆಣ್ಣಿನ ಬಯಕೆಯ ಮಾತು ಹೆಣ್ಣಿನ ಬಾಯಲ್ಲೇ ಬರುತ್ತದೆ. ಸುಧಾರಕರೆಂದು ಹೆಸರಾದ ವೀರೇಶಲಿಂಗಂ ಪಂತುಲು ಅವರೇ ಹೆಂಗಸು ಬರೆಯುವಂಥದ್ದಲ್ಲ ಇದು ಎಂದು ಜರೆದರು. ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ 1910ರಲ್ಲಿ ಅದನ್ನು ಪೂರ್ತಿಯಾಗಿ ಮತ್ತೆ ಅಚ್ಚು ಹಾಕಿಸಿ, ನಾಚಿಕೆ ಅನ್ನುವುದು ಹೆಂಗಸರಿಗೆ ಮಾತ್ರವೋ, ಗಂಡಸರಿಗೆ ಇಲ್ಲವೋ ಎಂದು ನೇರವಾಗಿ ಕೇಳಿದರು. ಬ್ರಿಟಿಷ್ ಸರ್ಕಾರ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ನಿಷೇಧ ತೆಗೆದದ್ದು 1947ರಲ್ಲಿ, ಮದ್ರಾಸ್ ಸರ್ಕಾರದ ಮುಖ್ಯಸ್ಥರಾಗಿದ್ದ ಟಂಗುಟೂರಿ ಪ್ರಕಾಶಂ ಕಾಲಕ್ಕೆ. ಆಕೆ ಬದುಕಿದ್ದಾಗಲೇ ತೆಗೆದರು ಅನ್ನುವುದು ಸಂತೋಷದ ವಿಷಯ.

ಹಾಗಾಗಿ ಮಗನಿಗೆ ಉದ್ದುದ್ದ ವಿವರಣೆ ಬೇಡ. "ಹೌದಪ್ಪಾ, ಓದ್ತಾ ಇದ್ದೀನಿ. ಮಗು ಕೈಗೆ ಸಿಗದ ಹಾಗೆ ಬೀರುವಿನಲ್ಲಿ ಇಡ್ತೀನಿ." ಇಷ್ಟು ಹೇಳಿ, ಹಾಗೇ ಇಡಿ. ಮೊಮ್ಮಗಳಿಗೆ ಇನ್ನೂ ಓದಲು ಬರದಿದ್ದರೂ ಇಡಿ, ಆ ಒಂದು ಮಾತಿನಲ್ಲಿ ಅವನು ಹೇಳಿದ್ದು ನ್ಯಾಯ. ಸೊಸೆಯನ್ನು ಚಾಡಿಕೋರಿ ಮಾಡಬೇಡಿ. ಗಾಬರಿಯಾದದ್ದನ್ನು ಗಂಡನ ಹತ್ತಿರ ಹೇಳಿಕೊಂಡರೆ ಚಾಡಿಯಾಗುವುದಿಲ್ಲ. ಅತ್ತೆಯನ್ನೇ ಕೇಳುವಷ್ಟು ಸಲಿಗೆ ನಿಮ್ಮಿಬ್ಬರ ನಡುವೆ ಇನ್ನೂ ಬಂದಿಲ್ಲ ಅಷ್ಟೇ. ಅಂದ ಹಾಗೆ, ಕೈಕಾಲು ಗಟ್ಟಿಯಿರುವ 59ರ ಹೆಂಗಸಿನ ಹೊದಿಕೆಯನ್ನು ಸೊಸೆ ಯಾಕೆ ಮಡಚಬೇಕು? ನಾಳೆಯಿಂದ ನೀವೇ ಮಡಚಿಕೊಳ್ಳಿ. ಪುಸ್ತಕವೂ ಕ್ಷೇಮ, ಸೊಸೆಯೂ ಕ್ಷೇಮ.

ನೀವು ಕೇಳಿದ್ದಕ್ಕೆ ಉತ್ತರ ಇಲ್ಲಿಗೆ ಮುಗಿಯಿತು. ಕೇಳದೆ ಬಿಟ್ಟದ್ದು ಒಂದಿದೆ, ನನಗೆ ಅದೇ ದೊಡ್ಡದಾಗಿ ಕಾಣುತ್ತಿದೆ.

ಐದನೇ ಪುಟದ ಕೊನೆಗೆ, ಗಡಿಬಿಡಿಯಲ್ಲಿ ಬರೆದ ಹಾಗೆ ಮೂರು ಸಾಲಿವೆ. ಹೈಸ್ಕೂಲ್ ಟೀಚರ್ ಆಗಿದ್ದ ನಿಮ್ಮ ಗೆಳತಿ, ವೆನಿಸ್ಸಿನ ಕಾರ್ನಿವಲ್ ರಾತ್ರಿಯ ಪ್ರಸಂಗ ಓದುವಾಗ, "ಆ ಹೆಂಗಸು ಏನಂದಳು ಅನ್ನೋದು ಎಲ್ಲಿದೆ?" ಎಂದು ಕೇಳಿದರು. ನೀವು, "ಅಯ್ಯೋ, ಹಳೇ ಕಾಲ ಕಣೇ, ಬಿಡು" ಎಂದು ನಕ್ಕಿರಿ. ಅವರು ಚೀಲ ಎತ್ತಿಕೊಂಡು ಹೋದವರು ಮತ್ತೆ ಬಂದಿಲ್ಲ. ಮಗನ ಒಂದು ಮಾತಿಗೆ ನಾಲ್ಕು ಪುಟ ಅತ್ತಿದ್ದೀರಿ. ಇಪ್ಪತ್ತು ವರ್ಷದ ಗೆಳತಿಗೆ ಮೂರು ಸಾಲು.

ಆ ಪ್ರಸಂಗ ಓದದ ನಮ್ಮ ಓದುಗರಿಗಾಗಿ ಹೇಳುತ್ತೇನೆ. 1745ರ ಕಾರ್ನಿವಲ್. ಮುಖವಾಡ ಹಾಕಿದ ಏಳೆಂಟು ಯುವಕರು, ಅವರಲ್ಲಿ ಕ್ಯಾಸನೋವಾನೂ ಒಬ್ಬ, ಒಂದು ಹೆಂಡದಂಗಡಿಗೆ ನುಗ್ಗುತ್ತಾರೆ. ಸರ್ಕಾರದ ಆಜ್ಞೆ ಎಂದು ಸುಳ್ಳು ಹೇಳಿ, ಅಲ್ಲಿದ್ದ ಒಬ್ಬ ನೇಕಾರನನ್ನೂ ಅವನ ಜೊತೆಗಾರರನ್ನೂ ದೋಣಿ ಹತ್ತಿಸಿ ದ್ವೀಪವೊಂದರಲ್ಲಿ ಬಿಟ್ಟು, ಅವನ ಹೆಂಡತಿಯನ್ನು ಬೇರೆಡೆಗೆ ಕರೆದೊಯ್ಯುತ್ತಾರೆ. ಒಬ್ಬರಾದ ಮೇಲೊಬ್ಬರು ಅವಳ ಮೇಲೆರಗುತ್ತಾರೆ. ಕೊನೆಗೆ ಆಕೆ ಎಲ್ಲರಿಗೂ ಧನ್ಯವಾದ ಹೇಳಿ ಮನೆಗೆ ಹೋದಳು ಎಂದು ಬರೆಯುತ್ತಾನೆ. ಪೋಲಿ ಹುಡುಗರ ಕುಚೇಷ್ಟೆಗಳ ಸಾಲಿನಲ್ಲಿ, ಅದೇ ನಗುನಗುವ ದನಿಯಲ್ಲಿ.

ಹಳೇ ಕಾಲ ಅಂದಿರಿ. ಹಳೇ ಕಾಲದಲ್ಲಿ ಮುಂದೇನಾಯಿತು ಎಂಬುದು ಆ ಪುಸ್ತಕದಲ್ಲೇ ಇದೆ. ಅವರು ದೂರು ಕೊಟ್ಟರು. ವೆನಿಸ್ಸಿನ ಆಡಳಿತ, ಮಾಡಿದವರ ಸುಳಿವು ಕೊಟ್ಟವರಿಗೆ ಬಹುಮಾನ ಸಾರಿತು. ಮುಂದಾಳು ದೊಡ್ಡ ಮನೆತನದವನಾದ್ದರಿಂದ ಯಾರೂ ಬಾಯಿ ಬಿಡಲಿಲ್ಲ, ಯಾರಿಗೂ ಶಿಕ್ಷೆ ಆಗಲಿಲ್ಲ. ಧನ್ಯವಾದ ಹೇಳಿ ಹೋದವಳ ಮನೆಯಿಂದ ದೂರು ಯಾಕೆ ಹೋಗುತ್ತದೆ? ಅದು ತಪ್ಪು ಎಂದು ಆ ಕಾಲದ ನೇಕಾರನಿಗೆ ಗೊತ್ತಿತ್ತು, ಆ ಕಾಲದ ಸರ್ಕಾರಕ್ಕೂ ಗೊತ್ತಿತ್ತು. ಐವತ್ತು ವರ್ಷ ಕಳೆದು ಬರೆಯಲು ಕೂತ ಮುದುಕ ಮಾತ್ರ ಅದನ್ನು ತಮಾಷೆಯ ಪುಟಗಳಲ್ಲಿ ಸೇರಿಸಿದ. ನಿಮ್ಮ ಗೆಳತಿ ಈ ಕಾಲದ ಕಣ್ಣಿನಿಂದ ಆ ಕಾಲವನ್ನು ಅಳೆಯುತ್ತಿದ್ದಾರೆ ಅಂದುಕೊಂಡಿದ್ದೀರಿ. ಅವರು ಕೇಳಿದ್ದು ಆ ಕಾಲದವಳ ಮಾತನ್ನೇ.

ತನ್ನ ಬಗ್ಗೆ ಮುಚ್ಚುಮರೆ ಇಲ್ಲದೆ ಬರೆದವನನ್ನು ನಾವು ಬೇಗ ನಂಬಿಬಿಡುತ್ತೇವೆ. ತನ್ನ ರೋಗ, ಮೋಸ, ಸೋಲು ಎಲ್ಲ ಹೇಳಿಕೊಂಡಿದ್ದಾನಲ್ಲ, ಇದನ್ನೂ ಇದ್ದ ಹಾಗೇ ಹೇಳಿರುತ್ತಾನೆ ಅಂತ. ತನ್ನ ಲಂಗೋಟಿ ಬಿಚ್ಚಲು ಅವನಿಗೆ ಅಧಿಕಾರವಿದೆ. ಅವಳ ಮನಸ್ಸಿನೊಳಗೆ ಏನಿತ್ತು ಎಂದು ಹೇಳಲು ಅವನಿಗೆಲ್ಲಿಯ ಅಧಿಕಾರ? ರಷ್ಯಾದ ಪೀಟರ್ಸ್‌ಬರ್ಗ್ ಬಳಿ ಬಡ ರೈತನೊಬ್ಬನಿಗೆ ನೂರು ರೂಬಲ್ ಎಣಿಸಿ ಕೊಟ್ಟು ಕೊಂಡು ತಂದ ಹುಡುಗಿ ಇನ್ನೂ ಮಗು. ಅವಳೂ ತನ್ನನ್ನು ಪ್ರೀತಿಸಿದಳು ಎಂದೇ ಅವನ ಲೆಕ್ಕ. ಹೆನ್ರಿಯೆಟ್ಟಾ ಓದುಬರಹ ಬಲ್ಲವಳು, ಕೈಯಲ್ಲಿ ವಜ್ರವಿದ್ದವಳು. ಗಾಜಿನ ಮೇಲಾದರೂ ತನ್ನ ಮಾತು ತಾನೇ ಬರೆದಳು. ಆ ಹುಡುಗಿಗೂ ನೇಕಾರನ ಹೆಂಡತಿಗೂ ಅದೂ ಇರಲಿಲ್ಲ.

ಹಾಗಂತ ನೀವು ನಕ್ಕ ನಗು ಸುಳ್ಳಾಗುವುದಿಲ್ಲ. ಜೈಲಿನ ಸೂರಿನ ಮೇಲೆ ತೆವಳುತ್ತಿದ್ದವನ ಜೊತೆ ಉಸಿರು ಬಿಗಿಹಿಡಿದ ನೀವೇ ಕಾರ್ನಿವಲ್‌ನ ಪುಟಕ್ಕೆ ಬಂದಾಗ ಅವನ ಮುಖಕ್ಕೆ ಉಗಿಯಬಹುದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂದು ನಿಮಗೆ ಹೇಳಿದವರಾದರೂ ಯಾರು? ಪೂರ್ತಿ ಪುಸ್ತಕವನ್ನು ಸಮರ್ಥಿಸಬೇಕು ಎಂಬ ಹಟದಲ್ಲಿ, ತರಿಸಿದವಳು ನಾನಲ್ಲವೇ ಎಂಬ ಬಿಗುಮಾನದಲ್ಲಿ, ಗೆಳತಿಯ ಪ್ರಶ್ನೆಯನ್ನು ತಳ್ಳಿಹಾಕಿದಿರಿ. ಮಗ ನಿಮ್ಮ ಬಾಯಿ ಮುಚ್ಚಿಸಿದ ರೀತಿಗೂ ನೀವು ಗೆಳತಿಯ ಬಾಯಿ ಮುಚ್ಚಿಸಿದ ರೀತಿಗೂ ಅಂಥ ವ್ಯತ್ಯಾಸವೇನಿಲ್ಲ. ಕಠಿಣವಾಯಿತೇನೋ. ಆದರೂ ಇರಲಿ.

ಅವರ ಮನೆಗೆ ಹೋಗಿ. ವಾಟ್ಸ್ಆ್ಯಪ್‌ನಲ್ಲಿ ಕೈಮುಗಿಯುವ ಚಿತ್ರ ಕಳಿಸಿ ಮುಗಿಸಬೇಡಿ. ಪುಸ್ತಕ ಒಯ್ಯಬೇಡಿ. ಹದಿನೆಂಟನೇ ಶತಮಾನದ ಯುರೋಪಿನ ಬಗ್ಗೆ ಪಾಠ ಶುರುಮಾಡಬೇಡಿ. "ನೀನು ಕೇಳಿದ್ದು ಸರಿಯಿತ್ತು, ನಾನು ನಗಬಾರದಿತ್ತು" ಎಂದರೆ ಸಾಕು. ಇನ್ನೂ ಒಂದು ಎಚ್ಚರ: ಅವರ ಬದುಕಿನಲ್ಲಿ ಹಿಂದೆ ಏನೋ ಆಗಿರಬೇಕು, ಅದಕ್ಕೇ ಎದ್ದು ಹೋದರು ಎಂದು ಊಹಿಸಿಕೊಂಡು ಮರುಕದ ಮುಖ ಹೊತ್ತು ಹೋಗಬೇಡಿ, ಕೆದಕಲೂ ಬೇಡಿ. ಏನೂ ಆಗದವರಿಗೂ ಆ ಪುಟ ಓದಿದರೆ ಹೊಟ್ಟೆ ತೊಳಸುತ್ತದೆ. ಅವರು ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ. ಹೇಳದಿದ್ದರೆ ಕಾಫಿ ಕುಡಿದು ಬನ್ನಿ.

ಗುಂಪಿನ ಓದು ನಿಲ್ಲಿಸಬೇಕೇ ಎಂದು ಪತ್ರದ ಅಂಚಿನಲ್ಲಿ ಕೇಳಿದ್ದೀರಿ. ಅದನ್ನು ಐವರೂ ಸೇರಿ ತೀರ್ಮಾನಿಸಿ, ನೀವೊಬ್ಬರೇ ಅಲ್ಲ. ಗೆಳತಿ ಬೇಡ ಎಂದರೆ ಗುಂಪಿಗೆ ಬೇರೆ ಪುಸ್ತಕ ಹಿಡಿಯಿರಿ, ಇದನ್ನು ನೀವು ರಾತ್ರಿ ಒಬ್ಬರೇ ಓದಿಕೊಳ್ಳಿ. ಮುಂದುವರಿಸೋಣ ಎಂದರೆ ಲಂಡನ್ ಭಾಗಕ್ಕೆ ಹೋಗಿ. 1763ರಲ್ಲಿ ಅಲ್ಲಿ ಶಾರ್ಪಿಯೋಂ ಎಂಬ ಎಳೆಯ ಹೆಣ್ಣು ಅವನ ದುಡ್ಡು ತಿಂದು, ಹತ್ತಿರ ಬಿಟ್ಟುಕೊಳ್ಳದೆ, ಅವನೇ ಥೇಮ್ಸ್ ನದಿಗೆ ಹಾರಿ ಸಾಯಲು ಹೊರಡುವ ಮಟ್ಟಿಗೆ ಆಟವಾಡಿಸುತ್ತಾಳೆ. ಸೇಡಿಗೆ ಅವನು ಗಿಣಿಯೊಂದನ್ನು ಕೊಂಡು, ಅವಳನ್ನು ಬೈಯುವ ಮಾತು ಕಲಿಸಿ, ಪೇಟೆಯಲ್ಲಿ ಮಾರಾಟಕ್ಕೆ ಇಡಿಸುತ್ತಾನೆ. ನಗು ಬರುತ್ತದೆ, ನಗಿ. ಅದಕ್ಕೆ ಮೊದಲು ಅವಳ ಮೇಲೆ ಕೈ ಮಾಡಿದ್ದೂ ಅಲ್ಲೇ ಇದೆ. ಅದನ್ನು ಹಾರಿಸಿ ಓದಬೇಡಿ. ಗಟ್ಟಿಯಾಗಿ ಓದುವ ಸರದಿ ಈ ಸಲ ಟೀಚರ್‌ಗೆ ಕೊಡಿ, ಎಲ್ಲಿ ಬೇಕಾದರೂ ನಿಲ್ಲಿಸಿ ಪ್ರಶ್ನೆ ಕೇಳಲಿ.