ಅಹವಾಲು ಸಭೆ ಮತದಾನವಲ್ಲ: ಕೈಗಾ 5, 6ನೇ ಘಟಕದ ಪ್ರಶ್ನೆಗೆ

"2018ರ ಸಭೆಯಲ್ಲಿ ಎಲ್ಲರೂ ಬೇಡ ಅಂದರೂ 2019ರಲ್ಲಿ ಅನುಮತಿ ಹೇಗೆ ಸಿಕ್ಕಿತು?" ಎಂದು ಕೈಗಾ ಅಣುಸ್ಥಾವರದ 5, 6ನೇ ಘಟಕಗಳ ಪರಿಸರ ಅನುಮತಿಯ ಬಗ್ಗೆ ಕೇಳಿದ್ದೀರಿ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಆ ಸಭೆ ಅಭಿಪ್ರಾಯ ದಾಖಲಿಸುತ್ತದೆ ಅಷ್ಟೆ, ಕೈಗಳನ್ನು ಎಣಿಸುವುದಿಲ್ಲ. "ಬೇಡ" ಎಂಬ ನೂರು ಅರ್ಜಿಗಳಿಗೆ ಒಂದೇ ಸಾಲಿನ ಉತ್ತರ ಸಾಕಾಗುತ್ತದೆ. ನಿರ್ದಿಷ್ಟ ಪ್ರಶ್ನೆಗೆ ಹಾಗೆ ಜಾರಿಕೊಳ್ಳುವುದು ಕಷ್ಟ.

ಸುರಕ್ಷತೆಯ ಪರವಾನಗಿಯೇ ಬೇರೆ. ಅದನ್ನು ಅಣುಶಕ್ತಿ ನಿಯಂತ್ರಣ ಮಂಡಳಿ ಹಂತ ಹಂತವಾಗಿ ಕೊಡುತ್ತದೆ: ಜಾಗ, ನಿರ್ಮಾಣ, ಪ್ರಾಯೋಗಿಕ ಚಾಲನೆ, ಕಾರ್ಯಾಚರಣೆ. ಒಂದು ಹಂತ ಮುಗಿದರೂ ಮುಂದಿನದಕ್ಕೆ ಲಿಖಿತ ಆಕ್ಷೇಪ ಕಳಿಸಿ. ಅಲ್ಲಿ ಸಾರ್ವಜನಿಕ ಸಭೆ ಇಲ್ಲ ಅನ್ನುವುದೇ ನನ್ನ ಮಟ್ಟಿಗೆ ದೊಡ್ಡ ಕೊರತೆ.

ಪ್ರಶ್ನೆ ಹೀಗಿರಲಿ. ಮೇ 1994ರಲ್ಲಿ ಕಟ್ಟುತ್ತಿದ್ದ 1ನೇ ಘಟಕದ ಒಳಗುಮ್ಮಟದ (ರಿಯಾಕ್ಟರನ್ನು ಮುಚ್ಚುವ ಎರಡು ಗುಮ್ಮಟಗಳಲ್ಲಿ ಒಳಗಿನದು) ತಳಭಾಗ ಪದರವಾಗಿ ಕಳಚಿ, ಸುಮಾರು 130 ಟನ್ ಕಾಂಕ್ರೀಟ್ ಕೆಳಗೆ ಬಿತ್ತು. ಬಾಗಿದ ಗುಮ್ಮಟದೊಳಗಿನ ಉಕ್ಕಿನ ಕೇಬಲ್‌ಗಳನ್ನು ಬಿಗಿದಾಗ ಕಾಂಕ್ರೀಟನ್ನು ಸೀಳುವಂಥ ಎಳೆತ ಹುಟ್ಟುತ್ತದೆ. ಅದನ್ನು ತಡೆಯುವ ಅಡ್ಡ ಸರಳು ಸಾಲದಾಗಿತ್ತು. ಹೊಸ ಗುಮ್ಮಟಗಳಲ್ಲಿ ಆ ಸರಳು ಎಷ್ಟು, ತಪಾಸಣೆ ಯಾರದ್ದು ಎಂದು ಕೇಳಿ. ಕಾಳಿ ನದಿಯ ಮೇಲ್ಭಾಗದ ಕೊಡಸಳ್ಳಿ ಅಣೆಕಟ್ಟೆ ಒಡೆದರೆ ಸ್ಥಾವರದ ಹತ್ತಿರ ನೀರಿನ ಮಟ್ಟ ಎಷ್ಟು ಮೀಟರ್, ವಿದ್ಯುತ್ ಕೈಕೊಟ್ಟಾಗ ಓಡಬೇಕಾದ ಡೀಸೆಲ್ ಜನರೇಟರ್ ಕೂತ ಮಟ್ಟ ಎಷ್ಟು? ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ನೀರು ನುಗ್ಗಿ ಕೈಕೊಟ್ಟಿದ್ದು ಇಂಥ ಜನರೇಟರ್‌ಗಳೇ. ಮಳೆಗಾಲದ ರಾತ್ರಿ ಗುಡ್ಡ ಕುಸಿದು ಕಾರವಾರದ ರಸ್ತೆ ಮುಚ್ಚಿದರೆ ಊರವರು ಯಾವ ದಾರಿಯಲ್ಲಿ ಹೊರಡಬೇಕು?

ಒಂದು ಅರ್ಜಿಗೆ ಒಂದೇ ಪ್ರಶ್ನೆ ಬರೆಯಿರಿ. ಸ್ವೀಕೃತಿಯ ಮುದ್ರೆ ಇಲ್ಲದೆ ಪ್ರತಿ ಬಿಟ್ಟು ಬರಬೇಡಿ.