ಮುತ್ಯಾನ ಮಡಚುವ ಚಾಕು: ಸ್ಪ್ರಿಂಗ್ ಸಡಿಲವಾಗಿದೆ ಅನ್ನಿಸಿದರೆ ಮೊದಲು ಏನು ನೋಡಬೇಕು?

ನಿಮ್ಮ ಪ್ರಶ್ನೆ ಓದಿದೆ. ಮುತ್ಯಾನ ಕಾಲದ ಕೊಂಬಿನ ಹಿಡಿಯ ಚಾಕು. ತೆರೆದಾಗ ಅಲಗು ಮೊದಲಿನಂತೆ ಟಕ್ ಎಂದು ನಿಲ್ಲುವುದಿಲ್ಲ, ಮಡಚುವಾಗಲೂ ಬಿಗಿ ಇಲ್ಲ. ಸ್ಪ್ರಿಂಗ್ ಕಾಯಿಸಿ ನೀರಿಗೆ ಅದ್ದಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದಾರೆ. ಬೀದರ್‌ನಲ್ಲಿ ಬಿದ್ರಿ ಕೆಲಸದವರಿಗೆ ಕೊಡಲೇ, ಕಂಬಾರರಿಗೆ ಕೊಡಲೇ ಎಂದು ಕೇಳಿದ್ದೀರಿ.

ಯಾರಿಗೂ ಕೊಡುವ ಮೊದಲು ಒಂದು ಮಾತು. ದಯವಿಟ್ಟು ಅದನ್ನು ಕಾಯಿಸಬೇಡಿ. ನಿಮ್ಮ ಸ್ಪ್ರಿಂಗ್ ಕೆಟ್ಟಿಲ್ಲದೆಯೂ ಇರಬಹುದು.

ನಾನು ಹುಮನಾಬಾದ್‌ನವನು. ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುತ್ತೇನೆ. ಚಾಕುವಿನ ಕೆಲಸ ಹೊಟ್ಟೆಪಾಡಿಗಲ್ಲ, ಪ್ರೀತಿಗೆ. ನಮ್ಮ ಓಣಿಯ ಕಂಬಾರ ಕಾಕಾನ ಕುಲುಮೆ ಮುಂದೆ ಕೂತು ಕಲಿತದ್ದು. ಕಲಿಯಲು ಕಾರಣವೂ ನನ್ನ ಮುತ್ಯಾನ ಚಾಕುವೇ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದಾಗ ಭಜ್ಜಿ-ರೊಟ್ಟಿ ಊಟ ಮುಗಿದ ಮೇಲೆ ಮುತ್ಯಾ ಧೋತರದ ಸೆರಗಿಗೆ ಅಲಗು ಒರೆಸಿ ನಮಗೆಲ್ಲ ಪೇರಲ ಹೋಳು ಮಾಡಿ ಕೊಡುತ್ತಿದ್ದ. ಆತ ಹೋದ ಮೇಲೆ ಚಾಕು ಎಷ್ಟೋ ವರ್ಷ ಟ್ರಂಕಿನಲ್ಲಿ ಬಿದ್ದಿತ್ತು. ನನ್ನ ಕೈಗೆ ಬಂದಾಗ ನಿಮ್ಮ ಚಾಕುವಿನ ಹಾಗೆಯೇ ಇತ್ತು. ಅಲಗು ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತಿತ್ತು, ತಾನಾಗಿ ಜಿಗಿಯುತ್ತಿರಲಿಲ್ಲ. ಒಂದು ಅಂಗಡಿಗೆ ಕೊಟ್ಟೆ. ಅವರು ಸ್ಪ್ರಿಂಗ್ ತೆಗೆದು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ ಬಕೀಟಿಗೆ ಅದ್ದಿ ವಾಪಸ್ ಕೂರಿಸಿದರು. ವಾರದಲ್ಲಿ ಅದು ನಡು ಮೊಳೆಯ ತೂತಿನ ಹತ್ತಿರ ಮುರಿಯಿತು. ಆಮೇಲೆ ಕಾಕಾ ಬಿಚ್ಚಿ ತೋರಿಸಿದ. ಒಳಗಿನ ಹಿತ್ತಾಳೆ ತಗಡಿನ ಮೇಲೆ, ಅಲಗಿನ ಬುಡ ಉಜ್ಜುವ ಜಾಗದಲ್ಲಿ, ಹಳದಿ-ಕಂದು ಬಣ್ಣದ ಗಟ್ಟಿ ಪದರ ಇತ್ತು. ವಾರ್ನಿಶ್ ಬಳಿದ ಹಾಗೆ. ಅದು ಕುಸುಬಿ ಎಣ್ಣೆ.

ನಮ್ಮ ಕಡೆ ಹಳೆಯವರು ಅಡುಗೆಮನೆಯಲ್ಲಿದ್ದ ಎಣ್ಣೆಯನ್ನೇ ಚಾಕುವಿಗೂ ಹಚ್ಚುತ್ತಿದ್ದರು. ಅಡುಗೆಮನೆಯಲ್ಲಿದ್ದದ್ದು ಕುಸುಬಿ ಎಣ್ಣೆ. ಅದು ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯ ಎಣ್ಣೆ. ಬಣ್ಣ, ವಾರ್ನಿಶ್ ಮಾಡಲೂ ಅದನ್ನು ಬಳಸುತ್ತಾರೆ. ಪ್ರತಿ ವರ್ಷ ಒಂದು ಹನಿ ಬಿಟ್ಟರೂ ಕೀಲಿನಲ್ಲಿ ಅಂಟು ಕಟ್ಟುತ್ತದೆ. ಸ್ಪ್ರಿಂಗಿನ ಬಲವೆಲ್ಲ ಆ ಅಂಟನ್ನು ದಾಟುವುದರಲ್ಲೇ ಮುಗಿದುಹೋಗುತ್ತದೆ. ಅಂದರೆ ನನ್ನ ಚಾಕುವಿನ ಸ್ಪ್ರಿಂಗ್ ಚೆನ್ನಾಗಿಯೇ ಇತ್ತು. ಕೆಡಿಸಿದ್ದು ರಿಪೇರಿ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಅದು ಕೆಲಸ ಮಾಡುವ ರೀತಿ ನೋಡಿ. ಹಿಡಿಯ ಬೆನ್ನಿನಲ್ಲಿ ಕಾಣುವ ಉಕ್ಕಿನ ಪಟ್ಟಿಯೇ ಸ್ಪ್ರಿಂಗ್. ಅದರ ಹಿಂತುದಿಗೆ ಒಂದು ಮೊಳೆ, ನಡುವಿಗೆ ಒಂದು ಮೊಳೆ. ಮುಂತುದಿಗೆ ಏನೂ ಇಲ್ಲ, ಅದು ಅಲಗಿನ ಬುಡವನ್ನು ಒತ್ತಿಕೊಂಡು ಕೂತಿರುತ್ತದೆ. ಬುಡದ ಚಪ್ಪಟೆ ಬದಿ ಅದರ ಕೆಳಗೆ ಬಂದಾಗ ಅಲಗು ನಿಲ್ಲುತ್ತದೆ. ಮೂಲೆ ಬಂದಾಗ ಪಟ್ಟಿ ಮೇಲೇಳುತ್ತದೆ. ಲಾಕ್ ಅಂತ ಬೇರೆ ಏನೂ ಇಲ್ಲ, ಈ ಒತ್ತಡ ಒಂದೇ.

ಈಗ ಚಾಕುವನ್ನು ಬೆಳಕಿಗೆ ಹಿಡಿದು ಬೆನ್ನು ನೋಡಿ. ಪೂರ್ತಿ ಮಡಚಿದಾಗ, ಅರ್ಧ ತೆರೆದಾಗ, ಪೂರ್ತಿ ತೆರೆದಾಗ, ಹೀಗೆ ಮೂರು ಸಲ. ಅರ್ಧ ತೆರೆದಾಗ ಪಟ್ಟಿಯ ಮುಂತುದಿ ಸ್ವಲ್ಪ ಮೇಲೆದ್ದು, ಪೂರ್ತಿ ತೆರೆದಾಗ ಕೆಳಗಿಳಿದು ಬುಡಕ್ಕೆ ಅಂಟಿ ಕೂತರೆ ಸ್ಪ್ರಿಂಗ್ ಜೀವಂತವಾಗಿದೆ. ಮೇಲೆದ್ದದ್ದು ನಿಧಾನವಾಗಿ ಇಳಿದರೆ ಕೊಳೆ ಅಥವಾ ತುಕ್ಕು. ತೆರೆದ ಅಲಗು ಎಡಕ್ಕೆ ಬಲಕ್ಕೆ ಅಲ್ಲಾಡಿದರೆ ಕೀಲಿನ ಮೊಳೆ ಸಡಿಲ, ಅದಕ್ಕೂ ಸ್ಪ್ರಿಂಗಿಗೂ ಸಂಬಂಧವಿಲ್ಲ. ಮೇಲೆ ಕೆಳಗೆ ಅಲ್ಲಾಡಿ, ಬುಡಕ್ಕೂ ಪಟ್ಟಿಗೂ ನಡುವೆ ಬೆಳಕು ಕಂಡರೆ ಮಾತ್ರ ಸ್ಪ್ರಿಂಗನ್ನು ಅನುಮಾನಿಸಿ. ಆಗಲೂ ಬುಡವೇ ಸವೆದಿರಬಹುದು.

ತೊಳೆಯುವುದು ಸುಲಭ. ಚಿಮಣಿ ಎಣ್ಣೆ ಈಗ ಸಿಗುವುದು ಕಷ್ಟ, ಡೀಸೆಲ್ ಸಾಕು. ಕೀಲಿನ ಭಾಗವನ್ನು ಒಂದು ರಾತ್ರಿ ಅದರಲ್ಲಿ ಮುಳುಗಿಸಿಡಿ. ಕುದಿಯುವ ನೀರು ಬೇಡ, ಕೊಂಬು ಸೊಟ್ಟಗಾಗುತ್ತದೆ. ಬೆಳಗ್ಗೆ ಅಲಗಿಗೆ ಬಟ್ಟೆ ಸುತ್ತಿ 40-50 ಸಲ ತೆರೆದು ಮಡಚಿ. ಕಪ್ಪು ರಸ ಬರುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಳಗೆ ಉಜ್ಜಿ, ಒರೆಸಿ, ಮತ್ತೆ ಮುಳುಗಿಸಿ. ರಸ ತಿಳಿಯಾಗುವ ತನಕ ಬಿಡಬೇಡಿ. ಕೊನೆಗೆ ಹೊಲಿಗೆ ಮಷಿನ್ ಎಣ್ಣೆ ಒಂದೇ ಹನಿ. ಕೊಬ್ಬರಿ ಎಣ್ಣೆ ಬೇಡ. ನಮ್ಮ ಚಳಿಗಾಲದಲ್ಲಿ ಅದು ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಕೀಲಿನಲ್ಲಿ ಬಿಡುತ್ತದೆಯೇ? ನನ್ನ ಹತ್ತಿರ ಬಂದ ಎಷ್ಟೋ ಚಾಕುಗಳು ಇಷ್ಟಕ್ಕೇ ಟಕ್ ಎಂದಿವೆ.

ಮೊಳೆ ಸಡಿಲವಿದ್ದರೆ ಅದರ ತಲೆಯ ಅಂಚಿಗೆ ಗುಂಡು ತಲೆಯ ಸಣ್ಣ ಸುತ್ತಿಗೆಯಿಂದ ಹಗುರವಾಗಿ ಏಟು ಕೊಡಿ. ಎರಡು ಏಟು, ಒಮ್ಮೆ ತೆರೆದು ನೋಡುವುದು. ಮತ್ತೆ ಎರಡು ಏಟು. ಜಾಸ್ತಿ ಬಿಗಿಯಾದರೆ ಅಲಗು ಎರಡು ತಗಡುಗಳ ನಡುವೆ ಸಿಕ್ಕಿ ಮತ್ತೆ 'ಸ್ಪ್ರಿಂಗ್ ಸಡಿಲ' ಅನ್ನಿಸುತ್ತದೆ.

ಇಷ್ಟಾದರೂ ಒತ್ತಡ ಇಲ್ಲವೆಂದರೆ ಬಿಚ್ಚಬೇಕು. ಇಲ್ಲಿಂದ ಮುಂದೆ ಕೈ ಪಳಗಿರಬೇಕು. ಮೊಳೆಯ ತಲೆ ಅರದಿಂದ ಸವೆಸಿ, ತೂತಿರುವ ಮರದ ತುಂಡಿನ ಮೇಲಿಟ್ಟು, ಪಂಚಿನಿಂದ ಹೊರಗೆ ತಳ್ಳಬೇಕು. ಹಳೆಯ ಕೊಂಬು ಸೀಳುವುದು ಇದೇ ಹಂತದಲ್ಲಿ. ಅಲಗು ತೆಗೆದ ಮೇಲೆ ಸ್ಪ್ರಿಂಗನ್ನು ಅದರ ಎರಡು ಮೊಳೆಗಳ ಮೇಲೆ ಮತ್ತೆ ಕೂರಿಸಿ ನೋಡಿ. ಮುಂತುದಿ ತಾನು ಕೂರಬೇಕಾದ ಗೆರೆಗಿಂತ ಒಳಗೆ, ಅಲಗಿನ ಕಡೆಗೆ, ಇಳಿದಿರಬೇಕು. ನಾನು ಒಂದೂವರೆ ಮಿ.ಮೀ. ಆಸುಪಾಸು ಇಡುತ್ತೇನೆ. ಅಲಗು ಬಂದು ಅದನ್ನು ಎತ್ತಿದಾಗಲೇ ಒತ್ತಡ ಹುಟ್ಟುವುದು. ಗೆರೆಗೆ ಸಮವಾಗಿ ನಿಂತಿದ್ದರೆ ಬಾಗು ಹೋಗಿದೆ ಎಂದರ್ಥ.

ಕಾಯಿಸಿದರೆ ಬಲ ಬರುತ್ತದೆ ಎನ್ನುವವರು ತಪ್ಪುವುದು ಇಲ್ಲೇ. ಉಕ್ಕಿಗೆ ಯಾವ ಹದ (ಕಾಯಿಸಿ ತಣಿಸಿ ತರುವ ಗಟ್ಟಿತನ) ಕೊಟ್ಟರೂ ಅದನ್ನು ಒಂದಿಷ್ಟು ಬಾಗಿಸಲು ಬೇಕಾದ ಬಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎಷ್ಟು ದೂರ ಬಾಗಿದರೂ ವಾಪಸ್ ಬರುತ್ತದೆ ಎನ್ನುವುದು ಮಾತ್ರ ಹದದಿಂದ ಬದಲಾಗುತ್ತದೆ. ಹಾಗಾಗಿ ಸೋತ ಸ್ಪ್ರಿಂಗಿಗೆ ಬೇಕಿರುವುದು ಕಳೆದುಕೊಂಡ ಬಾಗು. ಬಲ ನಿಜವಾಗಿ ನಿಂತಿರುವುದು ದಪ್ಪದ ಮೇಲೆ. ತುಕ್ಕು ತೆಗೆಯಲು ಹೋಗಿ ಪಟ್ಟಿಯ ದಪ್ಪವನ್ನು ಹತ್ತರಲ್ಲಿ ಒಂದು ಪಾಲು ಸವೆಸಿದರೆ ಬಲದಲ್ಲಿ ನಾಲ್ಕರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಗುತ್ತದೆ. ಸಾಣೆ ಚಕ್ರ ಹತ್ತಿರ ತರಬೇಡಿ.

ಬಾಗು ತರಲು ವೈಸಿಗೆ ತಾಮ್ರದ ತಗಡು ಹೊದಿಸಿ, ನಡು ಮೊಳೆಯ ತೂತಿಗೂ ಮುಂತುದಿಗೂ ನಡುವಿನ ಭಾಗವನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಒತ್ತಬೇಕು. ತೂತಿನ ಹತ್ತಿರ ಬೇಡ, ಬಿರುಕು ಬಿಡುವುದು ಅಲ್ಲೇ. ಕಣ್ಣಿಗೆ ಕನ್ನಡಕ ಇರಲಿ. ಕಾಕಾ ಇನ್ನೊಂದು ರೀತಿ ಮಾಡುತ್ತಿದ್ದ. ಪಟ್ಟಿಯ ಹೊರಮೈಗೆ, ಅಂದರೆ ಬೆನ್ನಿನ ಕಡೆಗೆ, ಒತ್ತೊತ್ತಾಗಿ ಸಣ್ಣ ಏಟು. ಏಟು ಬಿದ್ದ ಮೈ ಹಿಗ್ಗುತ್ತದೆ, ಪಟ್ಟಿ ಎದುರು ಬದಿಗೆ ಬಾಗುತ್ತದೆ. ಗುರುತು ಉಳಿಯುತ್ತದೆ, ಆಮೇಲೆ ಸಣ್ಣ ಅರ ಆಡಿಸಿ ಹೊಳಪು ಕೊಡಬೇಕು. ಬಾಗಿಸಿದ್ದು ಹತ್ತಾರು ಸಲ ಆಡಿಸಿದ ಮೇಲೂ ನಿಂತರೆ ಕೆಲಸ ಮುಗಿಯಿತು. ಅಲಗು ಎತ್ತಿದಾಗ ವಾಪಸ್ ಬರದೆ ತಂತಿಯ ಹಾಗೆ ಎತ್ತಿದಲ್ಲೇ ಉಳಿದರೆ ಹದವೇ ಹೋಗಿದೆ.

ಆಗ ಮಾತ್ರ ಬೆಂಕಿ. ನನ್ನ ಮುರಿದ ಸ್ಪ್ರಿಂಗಿನ ಬದಲು ಕಾಕಾ ಹೊಸದನ್ನು ಮಾಡಿದ. ನಮ್ಮೂರಲ್ಲಿ ಪುಣೆ-ಹೈದರಾಬಾದ್ ಹೆದ್ದಾರಿ ಹಾಯುತ್ತದೆ, ಗ್ಯಾರೇಜುಗಳಲ್ಲಿ ಲಾರಿಯ ಮುರಿದ ಸ್ಪ್ರಿಂಗ್ ಪಟ್ಟಿಗೆ ಬರವಿಲ್ಲ. ಒಂದು ತುಂಡು ತಂದು ಕಾಯಿಸಿ ಬಡಿದು ಎರಡೂವರೆ ಮಿ.ಮೀ.ಗೆ ತೆಳು ಮಾಡಿದ. ಬೂದಿಯಲ್ಲಿ ಹೂತಿಟ್ಟು ರಾತ್ರಿಯೆಲ್ಲ ತಣಿಸಿದ. ಮೆತ್ತಗಾದ ಮೇಲೆ ಹಳೆಯದರ ಮೇಲಿಟ್ಟು ಗೆರೆ ಎಳೆದು ಅರ ಹಾಕಿದ, ತೂತುಗಳನ್ನೂ ಆಗಲೇ ಕೊರೆದ. ಬಾಗನ್ನೂ ಆಗಲೇ ಕೊಟ್ಟ.

ಹದ ಕೊಟ್ಟದ್ದು ಸಂಜೆ, ಬೆಳಕು ಕಡಿಮೆಯಾದ ಮೇಲೆ. ಬಿಸಿಲಿನಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಪಟ್ಟಿ ಕೆಂಪಗಾದಾಗ ಮ್ಯಾಗ್ನೆಟ್ ಹಿಡಿದು ನೋಡಿದ. 770 ಡಿಗ್ರಿ ಸೆಲ್ಸಿಯಸ್ ಹತ್ತಿರ ಉಕ್ಕು ಮ್ಯಾಗ್ನೆಟ್ಟಿಗೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ತುಸು ಮೇಲೆ ಹೋಗಲು ಬಿಟ್ಟು, ಉಗುರುಬೆಚ್ಚಗಿನ ಎಣ್ಣೆಗೆ ನೆಟ್ಟಗೆ ಇಳಿಸಿದ. ನೀರಿಗಲ್ಲ. ಈಗ ಅದು ಗಾಜಿನ ಹಾಗೆ, ಕೆಳಗೆ ಬಿದ್ದರೂ ಒಡೆಯಬಹುದು. ನನ್ನ ಮೊದಲ ಸ್ಪ್ರಿಂಗನ್ನು ಆ ಅಂಗಡಿಯವರು ಇದೇ ಸ್ಥಿತಿಯಲ್ಲಿ ವಾಪಸ್ ಕೂರಿಸಿದ್ದರು.

ಮುಂದಿನದು ಆ ಗಾಜಿನ ಗುಣ ಇಳಿಸುವುದು, ನನಗೆ ಇಂದಿಗೂ ನೋಡಿ ಸಾಕಾಗದ ಭಾಗ. ಪಟ್ಟಿಯನ್ನು ಬೆಳ್ಳಗೆ ಹೊಳೆಯುವಂತೆ ಉಜ್ಜಿ, ಹಂಚಿನಲ್ಲಿ ಮರಳು ಹಾಕಿ, ಅದರ ಮೇಲಿಟ್ಟು ಸಣ್ಣ ಉರಿ. ಮೊದಲು ತಿಳಿ ಹಳದಿ ಬರುತ್ತದೆ. ಆಮೇಲೆ ಕಂದು, ಆಮೇಲೆ ನೇರಳೆ. ಕಾಕಾ ಆ ಹೊತ್ತಿನಲ್ಲಿ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಕಡೆಗೆ ನವಿಲಿನ ಕೊರಳಿನ ನೀಲಿ, ಸುಮಾರು 300 ಡಿಗ್ರಿ. ಪಟ್ಟಿಯ ಉದ್ದಕ್ಕೂ ಒಂದೇ ನೀಲಿ ಬಂದ ಕೂಡಲೇ ತೆಗೆದುಬಿಟ್ಟ. ಒಂದು ಕಡೆ ಹಳದಿ ಉಳಿದರೆ ಅಲ್ಲಿ ಮುರಿಯುತ್ತದೆ, ನೀಲಿ ದಾಟಿ ಬೂದು ಬಣ್ಣಕ್ಕೆ ಹೋದರೆ ಅಲ್ಲಿ ಸೋಲುತ್ತದೆ. ಇದು ಹಳೆಯ ಕಾರ್ಬನ್ ಉಕ್ಕಿನ ಮಾತು. ತುಕ್ಕು ಹಿಡಿಯದ ಸ್ಟೀಲಿನ ಹೊಸ ಚಾಕುವಿಗೆ ಇದು ನಡೆಯುವುದಿಲ್ಲ.

ಯಾರಿಗೆ ಕೊಡಬೇಕು ಎಂಬುದಕ್ಕೆ ಬರುತ್ತೇನೆ. ಬಿದ್ರಿ ಸಾಮಾನು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದದ್ದು. ಆ ಲೋಹದಲ್ಲಿ ಸ್ಪ್ರಿಂಗ್ ಆಗುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ಆದರೆ ಬೆಳ್ಳಿ ತಂತಿ ಕೂರಿಸಲು ಅವರು ಕೆತ್ತುವ ಉಳಿಗಳು ಉಕ್ಕಿನವು. ಬೀದರ್‌ನ ಚೌಬಾರಾ ಕಡೆಯ ಬಿದ್ರಿ ಅಂಗಡಿಗೆ ಹೋಗಿ ಚಾಕು ಕೊಡಬೇಡಿ, 'ನಿಮ್ಮ ಉಳಿಗೆ ಹದ ಕೊಡುವವರು ಯಾರು' ಎಂದು ಕೇಳಿ. ಅವರು ಹೇಳಿದವರ ಹತ್ತಿರ ಹೋಗಿ. ಅಲ್ಲಿ 'ನೀಲಿ ತನಕ ಇಳಿಸುತ್ತೀರಾ ಕಾಕಾ' ಎಂದು ಕೇಳಿ ನೋಡಿ. ಉಳಿಗೆ ಹಳದಿ-ಕಂದಿನಲ್ಲಿ ನಿಲ್ಲಿಸುತ್ತಾರೆ, ಸ್ಪ್ರಿಂಗಿಗೆ ನೀಲಿ ಬೇಕು. ಈ ವ್ಯತ್ಯಾಸ ಅವರೇ ಹೇಳಿದರೆ ಧೈರ್ಯವಾಗಿ ಕೊಡಿ.

ಅದಕ್ಕೂ ಮೊದಲು ಡೀಸೆಲ್ಲಿನಲ್ಲಿ ಒಂದು ರಾತ್ರಿ ಇಡಿ. ಆಮೇಲೆ ಚಾಕುವಿನ ಬೆನ್ನಿನ ಮೂರು ಫೋಟೊ, ಮಡಚಿದ್ದು, ಅರ್ಧ ತೆರೆದದ್ದು, ಪೂರ್ತಿ ತೆರೆದದ್ದು, ಇಲ್ಲೇ ಹಾಕಿ. ನಡು ಮೊಳೆಯ ಹತ್ತಿರ ಕೂದಲೆಳೆಯಷ್ಟು ಗೆರೆ ಕಂಡರೂ ಹೇಳಿ. ನಾನು ನೋಡುತ್ತೇನೆ.