ಸಂಪಾದಕರ ಉತ್ತರ: ಹಿತ್ತಲಿನ ಒರಳುಕಲ್ಲು

ತಿಪಟೂರು ಸೀಮೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಬರೆದ ದೀರ್ಘ ಪತ್ರದ ಸಾರ ಹೀಗಿದೆ: "ಕಳೆದ ಸಂಚಿಕೆಯಲ್ಲಿ ತಾವು ಪ್ರತಿಷ್ಠಾಪನಾ ಕಲೆಯ (ವಸ್ತುಗಳನ್ನು ಒಂದು ಜಾಗದಲ್ಲಿ ಜೋಡಿಸಿ ಇಟ್ಟು ಕೃತಿಯಾಗಿಸುವ 'ಇನ್‌ಸ್ಟಲೇಷನ್') ಬಗ್ಗೆ ಆರು ಪುಟಗಳ ಸಚಿತ್ರ ಲೇಖನ ಹಾಕಿದ್ದೀರಿ. ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟೋರ್ಜ್ ಎಂಬ ಕಲಾವಿದರು ಬೆಂಗಳೂರಿನ 170 ಒರಳುಕಲ್ಲುಗಳನ್ನು ಕೊಚ್ಚಿಗೆ ಸಾಗಿಸಿ ಇಟ್ಟರೆಂದು ಅದರಲ್ಲಿ ಓದಿದೆ. ಬೇಲೂರಿನ ಶಿಲ್ಪಿ ಕಲ್ಲನ್ನು ಕಡೆದ. ಇವರು ಕಲ್ಲನ್ನು ಲಾರಿಗೆ ಹೇರಿದರು. ನಮ್ಮ ಹಿತ್ತಲಲ್ಲೂ ಅಂಥದೊಂದು ಕಲ್ಲು ಹದಿನೈದು ವರ್ಷಗಳಿಂದ ಬಿದ್ದಿದೆ. ಗುಜರಿಯವನಿಗೆ ಅದು ಬೇಡ. ಒಡೆಸಿ ಪಾಯಕ್ಕೆ ಹಾಕೋಣವೆಂದರೆ ನನ್ನ ಮನೆಯಾಕೆ ಬಿಡುವುದಿಲ್ಲ. ಹಾಗಾದರೆ ಅದೂ ಕಲೆಯೇ? ಪರದೇಶದ ಈ ಗೀಳಿಗೆ ಕನ್ನಡದ ಪತ್ರಿಕೆಯೊಂದು ಇಷ್ಟು ಪುಟಗಳನ್ನು ಕೊಡಬೇಕಿತ್ತೇ?"

ಮಾನ್ಯರೇ,

ತಮ್ಮ ಪತ್ರವನ್ನು ಮೂರು ಸಲ ಓದಿದೆ. ಸಿಟ್ಟಿನಿಂದ ಬರೆದ ಪತ್ರವಾದರೂ ಅದರಲ್ಲಿ ನೋಡುವ ಕಣ್ಣಿದೆ, ಆದ್ದರಿಂದಲೇ ಈ ತಿಂಗಳ ಉತ್ತರಕ್ಕೆ ಅದನ್ನು ಆರಿಸಿಕೊಂಡಿದ್ದೇನೆ. ಮೊದಲು ತಮ್ಮ ಮಾತಿನಲ್ಲಿ ಒಪ್ಪತಕ್ಕದ್ದನ್ನು ಒಪ್ಪಿಬಿಡುತ್ತೇನೆ. ಪ್ರತಿಷ್ಠಾಪನಾ ಕಲೆಯ ಹೆಸರಿನಲ್ಲಿ ಪೊಳ್ಳು ಕೃತಿಗಳೂ ಬರುತ್ತಿವೆ. ಒಂದು ರಾಶಿ ಸಾಮಾನು, ಒಂದು ದೀಪ, ಗೋಡೆಯ ಮೇಲೆ ನಾಲ್ಕು ಪುಟಗಳ ವಿವರಣೆ; ಆ ವಿವರಣೆಯನ್ನು ಕಿತ್ತರೆ ಏನೂ ಉಳಿಯದಂಥ ಕೋಣೆಗಳಲ್ಲಿ ನಾನೂ ನಿಂತು ಬೇಸರಪಟ್ಟಿದ್ದೇನೆ. ಅಂಥವುಗಳ ಪರವಾಗಿ ವಾದಿಸುವ ಇಚ್ಛೆ ನನಗಿಲ್ಲ.

ಆದರೆ ತಾವು ಬರೆದ ಒಂದು ವಾಕ್ಯದ ಮುಂದೆ ನಾನು ಬಹಳ ಹೊತ್ತು ನಿಂತೆ: "ನನ್ನ ಮನೆಯಾಕೆ ಬಿಡುವುದಿಲ್ಲ." ಯಾಕೆ ಬಿಡುವುದಿಲ್ಲ? ತಾವು ಅದನ್ನು ಕೇಳಿದಂತೆ ಕಾಣಲಿಲ್ಲ, ಅಥವಾ ಕೇಳಿದ್ದರೂ ಬರೆಯಲಿಲ್ಲ. ಮಿಕ್ಸಿಯೂ ಗ್ರೈಂಡರೂ ಬಂದ ಮೇಲೆ ಆ ಕಲ್ಲಿನಿಂದ ಮನೆಗೆ ಯಾವ ಪ್ರಯೋಜನವೂ ಇಲ್ಲ. ಮಾರಿದರೆ ಬೆಲೆಯಿಲ್ಲ, ಸರಿಸಲು ಇಬ್ಬರು ಆಳು ಬೇಕು. ಆದರೂ ಅದನ್ನು ಒಡೆಯಬಾರದೆಂದು ಒಬ್ಬ ಗೃಹಿಣಿ ಹದಿನೈದು ವರ್ಷಗಳಿಂದ ತಡೆದು ನಿಂತಿದ್ದಾರೆ. ಬೆಂಗಳೂರಿನಲ್ಲಿಯೂ ಆದದ್ದು ಇದೇ. ಹಳೆಯ ಮನೆಗಳು ಉರುಳಿ ಮಹಡಿಗಳು ಎದ್ದಾಗ ಒರಳುಕಲ್ಲಿಗೆ ಒಳಗೆ ಜಾಗವಿಲ್ಲದಾಯಿತು. ಒಡೆಯಲು ಮನಸ್ಸು ಬಾರದ ಜನ ಅವುಗಳನ್ನು ಇಡಿಯಾಗಿಯೇ ರಸ್ತೆಯ ಬದಿಗೆ ತಂದು ಬಿಟ್ಟರು. ಹಾಗೆ ಬಿಟ್ಟ ಕಲ್ಲುಗಳನ್ನು ಈ ಇಬ್ಬರು ಕಲಾವಿದರು ಗಮನಿಸಿದರು. 2012ರ ಡಿಸೆಂಬರ್ 12ರಂದು ಎರಡು ವರ್ಷಕ್ಕೊಮ್ಮೆಯ ಕಲಾಪ್ರದರ್ಶನವಾದ ಕೊಚ್ಚಿ-ಮುಜಿರಿಸ್ ಬಿನಾಲೆ ಮೊದಲ ಸಲ ತೆರೆದಾಗ, ಫೋರ್ಟ್ ಕೊಚ್ಚಿಯ ಕಡಲಂಚಿನ ಆಸ್ಪಿನ್‌ವಾಲ್ ಹೌಸಿನಲ್ಲಿ, ಒಂದು ಕಾಲದಲ್ಲಿ ಸಂಬಾರ ಪದಾರ್ಥಗಳ ವ್ಯಾಪಾರ ನಡೆಯುತ್ತಿದ್ದ ಆ ಕಟ್ಟಡಗಳ ನಡುವೆ, 170 ಕಲ್ಲುಗಳು ಬಂದು ಕೂತಿದ್ದವು. ಕೃತಿಯ ಹೆಸರು 'ಸ್ಟಾಪ್‌ಓವರ್', ಅಂದರೆ ಪ್ರಯಾಣದ ನಡುವಿನ ತಂಗುದಾಣ.

ಅಡುಗೆಮನೆಯಲ್ಲಿದ್ದಾಗ ನಾವು ಕಲ್ಲನ್ನು ನೋಡಲೇ ಇಲ್ಲ. ಹಿಟ್ಟು ನುಣ್ಣಗಾಯಿತೇ ಎಂದಷ್ಟೇ ನೋಡಿದೆವು. ಅದೇ ಕಲ್ಲನ್ನು ಒಲೆಯಿಂದ, ಬಚ್ಚಲಿಂದ, ಬೈಗುಳದಿಂದ, ಹಬ್ಬದ ಗಡಿಬಿಡಿಯಿಂದ ಬಿಡಿಸಿ ಇನ್ನೂ ನೂರಕ್ಕೂ ಹೆಚ್ಚು ಕಲ್ಲುಗಳ ಜೊತೆ ಬಯಲಿನಲ್ಲಿ ಇಟ್ಟಾಗ ಕಣ್ಣು ಬೇರೆ ಕೆಲಸ ಶುರುಮಾಡುತ್ತದೆ. ಯಾವ ಎರಡು ಗುಳಿಯೂ ಒಂದೇ ಅಲ್ಲವೆಂದು ಆಗ ತಿಳಿಯುತ್ತದೆ. ಒಂದು ಆಳ, ಒಂದು ಓರೆ, ಒಂದರ ಅಂಚು ಒಂದೇ ಪಕ್ಕಕ್ಕೆ ಸವೆದಿದೆ. ಆ ಸವೆತ ಯಾವುದೋ ಹೆಂಗಸಿನ ಬಲಗೈ ಮಾಡಿದ್ದು, ಅವಳ ಅತ್ತೆ ಮಾಡಿದ್ದು, ಅತ್ತೆಯ ಅತ್ತೆ ಮಾಡಿದ್ದು. ನನ್ನ ತಾಯಿ ರುಬ್ಬುವಾಗ ಗುಂಡು ಕಲ್ಲಿಗೆ ತಾಗುವ ಸದ್ದು ಮೊದಲು ಒರಟಾಗಿ, ಬರಬರುತ್ತ ಮಂದವಾಗಿ, ಕೊನೆಗೆ ಉದ್ದಿನ ಹಿಟ್ಟು ಉಬ್ಬಿದ ಮೇಲೆ ಕೇಳಿಸದಷ್ಟಾಗುತ್ತಿತ್ತು. ಪಡಸಾಲೆಯಲ್ಲಿ ಓದುತ್ತ ಕೂತ ನಮಗೆ ನಾಳೆ ಇಡ್ಲಿಯೋ ದೋಸೆಯೋ ಎಂಬುದು ಆ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ವರ್ಷಕ್ಕೊಮ್ಮೆ "ಒಳಕಲ್ಲು ಕುಟ್ಟಿಸ್ತೀರೇನಮ್ಮಾ" ಎಂದು ಕೂಗುತ್ತ ಬರುತ್ತಿದ್ದ ಹೆಂಗಸು ಉಳಿ ಹಿಡಿದು ಕೂತು, ನುಣುಪಾದ ಗುಳಿಗೆ ಮತ್ತೆ ಕಚ್ಚು ಹಾಕಿ ಹೋಗುತ್ತಿದ್ದಳು. ಈಗ ಆ ಕೂಗೂ ಇಲ್ಲ, ಆ ಕಸುಬೂ ಇಲ್ಲ. ಇಷ್ಟೆಲ್ಲವೂ ಆ ಕಲ್ಲಿನೊಳಗಿದೆಯೆಂದು ತಮ್ಮ ಮನೆಯವರಿಗೆ ಗೊತ್ತಿದೆ. ಕಲಾವಿದರು ಮಾಡಿದ್ದು, ಅವರಿಗೆ ಗೊತ್ತಿರುವುದು ನಮಗೂ ತಮಗೂ ಕಾಣುವಂತೆ ಜಾಗ ಮಾಡಿದ್ದು.

ಬೇಲೂರಿನ ಮಾತನ್ನು ತಾವೇ ಎತ್ತಿದ್ದೀರಿ, ಸಂತೋಷ. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯ ಮದನಿಕೆಯರನ್ನು ಕಡೆದವರು ಬಳಪದ ಕಲ್ಲನ್ನು ಆರಿಸಿಕೊಂಡದ್ದು ಆಕಸ್ಮಿಕವೇ? ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ಕಲ್ಲದು. ಅದರ ಆ ಗುಣ ಬಲ್ಲವನಿಗೆ ಮಾತ್ರ ಬಳೆಯನ್ನೂ ಬಳ್ಳಿಯನ್ನೂ ಬೆರಳ ಸಂದನ್ನೂ ಅಷ್ಟು ಸೂಕ್ಷ್ಮವಾಗಿ ಕೊರೆಯಲು ಸಾಧ್ಯ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರನ್ನು ಕೆತ್ತಿಟ್ಟು ಹೋದದ್ದು ಆ ಬಲ್ಮೆಯ ಅಭಿಮಾನದಿಂದಲೇ ಇರಬೇಕು. ಯಾವ ವಸ್ತು ಯಾವುದಕ್ಕೆ ಒಗ್ಗುತ್ತದೆ, ಯಾವುದು ಏನನ್ನು ನೆನಪಿಟ್ಟುಕೊಳ್ಳುತ್ತದೆ ಎಂದು ಬಲ್ಲ ಕೈಯೇ ನಾನು ಗೌರವಿಸುವ ಕೈ. ಆ ಬಲ್ಮೆ ಉಳಿಯಿಂದ ಕಡೆಯುವಾಗಲೂ ಇರಬಹುದು, ಆರಿಸಿ ಇಡುವಾಗಲೂ ಇರಬಹುದು. ಇನ್ನು ದುಡಿಮೆಯ ಮಾತು. 1998ರಲ್ಲಿ ಶೀಲಾ ಗೌಡ ಅವರು ಮೊದಲು ಮಾಡಿದ, 'ನನ್ನ ನೋವನ್ನು ಅವನಿಗೆ ಹೇಳು' ಎಂಬ ಅರ್ಥದ ಹೆಸರುಳ್ಳ ಕೃತಿಯಲ್ಲಿ ಉದ್ದುದ್ದ ದಾರಗಳನ್ನು ಒಂದೊಂದಾಗಿ ಸೂಜಿಗೆ ಪೋಣಿಸಿ, ಸೂಜಿಯನ್ನು ದಾರದ ನಡುವಿನವರೆಗೂ ಎಳೆದು, ಅವನ್ನೆಲ್ಲ ಒಟ್ಟು ಸೇರಿಸಿ ಕುಂಕುಮ ಮತ್ತು ಅಂಟಿನಿಂದ ಕೆಂಪು ಹಗ್ಗವಾಗಿಸಿ ಕೋಣೆಯ ತುಂಬ ಹರಿಯಬಿಟ್ಟಿದ್ದಾರೆ; ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು ಹೊಳೆಯುತ್ತದೆ. ಸೂಜಿಗೆ ದಾರ ಪೋಣಿಸಲು ಮೊಮ್ಮಕ್ಕಳನ್ನು ಕರೆಯುವ ವಯಸ್ಸು ತಮ್ಮದೂ ನನ್ನದೂ. ಅದು ಶ್ರಮವೋ ಅಲ್ಲವೋ ತಾವೇ ಹೇಳಿ.

"ಪರದೇಶದ ಗೀಳು" ಎಂದಿರಿ. ಇಲ್ಲಿ ಮಾತ್ರ ತಮ್ಮನ್ನು ಸ್ವಲ್ಪ ಗದರಿಸುವ ಸಲುಗೆ ತೆಗೆದುಕೊಳ್ಳುತ್ತೇನೆ. ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ ಭದ್ರಾವತಿಯಲ್ಲಿ. ಕಲಿತದ್ದು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ, ಆಮೇಲೆ ಶಾಂತಿನಿಕೇತನದಲ್ಲಿ, ಲಂಡನ್ನಿನಲ್ಲಿ. 1990ರ ದಶಕದ ಆರಂಭದಲ್ಲಿ, ದೇಶದಲ್ಲಿ ಕೋಮುಹಿಂಸೆ ಹೆಚ್ಚುತ್ತಿದ್ದ ದಿನಗಳಲ್ಲಿ, ಅವರು ತೈಲವರ್ಣದ ಚಿತ್ರಗಳಿಂದ ಸರಿದು ಸಗಣಿಯನ್ನು ಕೈಗೆತ್ತಿಕೊಂಡರು. ಸಗಣಿ ಪರದೇಶದ್ದೇ? ನೆಲ ಸಾರಿಸಿದ್ದು, ಬೆರಣಿ ತಟ್ಟಿದ್ದು, ಪೂಜೆಗೆ ಪಿಳ್ಳಾರಿ ಮಾಡಿ ಗರಿಕೆ ಸಿಕ್ಕಿಸಿದ್ದು ಯಾರು? 2007ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ನಡೆದ ಡಾಕ್ಯುಮೆಂಟಾ ಪ್ರದರ್ಶನಕ್ಕೆ ಅವರು ಒಯ್ದದ್ದು ಊದುಬತ್ತಿಯ ಹಿಟ್ಟನ್ನು. ನಾದಿದ ಹಿಟ್ಟಿಗೆ ಆಕಾರ ಕೊಟ್ಟು, ತಂತಿಯ ಬಲೆಯ ಮೇಲಿಟ್ಟು ಸುಟ್ಟರು. ಉರಿದು ಮುಗಿದ ಮೇಲೆ ಅದೇ ಆಕಾರದಲ್ಲಿ ಬೂದಿ ಉಳಿಯಿತು. ಬೆಂಗಳೂರು ಮೈಸೂರುಗಳ ಎಷ್ಟು ಸಾವಿರ ಹೆಂಗಸರು ಮನೆಯ ಹೊಸ್ತಿಲಲ್ಲಿ ಕೂತು ಮಣೆಯ ಮೇಲೆ ಅದೇ ಹಿಟ್ಟನ್ನು ಹೊಸೆದಿದ್ದಾರೆ!

ಕೂದಲಿನ ಕೃತಿಯೊಂದರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 2009ರ ವೆನಿಸ್ ಬಿನಾಲೆಯಲ್ಲಿ ಅವರು ತೋರಿಸಿದ 'ಬಿಹೋಲ್ಡ್' ಎಂಬ ಕೃತಿಯಲ್ಲಿ ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು 4,000 ಮೀಟರ್ ಹಗ್ಗವಿದೆ; ಅದರಿಂದ ಉಕ್ಕಿನ ಕಾರು ಬಂಪರುಗಳು ತೂಗುತ್ತವೆ. ನಮ್ಮ ರಸ್ತೆಗಳಲ್ಲಿ ಲಾರಿಯ, ಕಾರಿನ ಬಂಪರಿಗೆ ಕಪ್ಪು ಕೂದಲ ಎಳೆ ಸುತ್ತಿರುವುದನ್ನು ತಾವೂ ಕಂಡಿರುತ್ತೀರಿ. ಒಮ್ಮೆ ಅರಸೀಕೆರೆಯ ಬಳಿ ಚಹಾ ಕುಡಿಯಲು ನಿಂತಿದ್ದ ಲಾರಿ ಚಾಲಕರೊಬ್ಬರನ್ನು ನಾನು ಅದರ ಬಗ್ಗೆ ಕೇಳಿದೆ. "ಇಷ್ಟು ದೊಡ್ಡ ಗಾಡಿ ಸ್ವಾಮಿ, ದೃಷ್ಟಿ ಆಗಬಾರದಲ್ಲ" ಎಂದರು. ಟನ್ನುಗಟ್ಟಲೆ ಕಬ್ಬಿಣವನ್ನು ಒಂದು ಹಿಡಿ ಕೂದಲು ಕಾಯುತ್ತದೆಂಬ ಆ ನಂಬಿಕೆಯನ್ನು ಕಲಾವಿದೆ ಕಣ್ಣಿಗೆ ಕಟ್ಟುವಂತೆ ತೂಗುಹಾಕಿದ್ದಾರೆ. ಮಹದೇಶ್ವರ ಬೆಟ್ಟಕ್ಕೋ ತಿರುಪತಿಗೋ ಹೋಗಿ ಮುಡಿ ಕೊಟ್ಟು ಬಂದವರಿಗೆ, "ಕೂದಲಿಗೆ ಪಿನ್ನು" ಎಂದು ಕೂಗುವವನಿಗೆ ಬಾಚಣಿಗೆಯ ಉದುರುಗೂದಲನ್ನು ಸುತ್ತಿಟ್ಟು ಕೊಟ್ಟ ಹೆಣ್ಣುಮಕ್ಕಳಿಗೆ, ಆ ಹಗ್ಗದ ಮುಂದೆ ನಿಂತಾಗ ಮೈಯಲ್ಲಿ ಏಳುವ ಕಂಪನ ವೆನಿಸ್‌ನ ಪ್ರವಾಸಿಗೆ ಏಳಲಾರದು. ಆದರೆ ಆ ಕೃತಿ ಇಂದು ಇರುವುದು ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿ. ಅವರು ಕೊಂಡದ್ದು ತಪ್ಪೆಂದು ನಾನು ಹೇಳುವುದಿಲ್ಲ. ಅವರಿಗೆ ಅದರ ಬೆಲೆ ಗೊತ್ತಾಯಿತು. ನಮಗೆ ಏಕೆ ಗೊತ್ತಾಗಲಿಲ್ಲ ಎಂಬುದೇ ನನ್ನ ಸಂಕಟ.

2006ರ 'ಡಾರ್ಕ್‌ರೂಂ' ಇನ್ನೊಂದು. ನಮ್ಮೂರಿನ ರಸ್ತೆಗೆ ಡಾಂಬರು ಹಾಕಿದ ವರ್ಷ ದೂರದಿಂದ ಬಂದ ಕೂಲಿಯ ಕುಟುಂಬಗಳು ಖಾಲಿ ಡ್ರಮ್ಮುಗಳನ್ನು ಸೀಳಿ, ತಟ್ಟಿ ಚಪ್ಪಟೆ ಮಾಡಿ, ಅದರಿಂದಲೇ ಗೋಡೆ ಎಬ್ಬಿಸಿಕೊಂಡು ಕೆರೆ ಏರಿಯ ಪಕ್ಕ ಬಿಡಾರ ಹೂಡಿದ್ದವು. ಶೀಲಾ ಗೌಡ ಅಂಥ ಡ್ರಮ್ಮುಗಳನ್ನೇ ಜೋಡಿಸಿ, ಹೊರಗಿನಿಂದ ಕೋಟೆಯ ಬಾಗಿಲಂತೆ ಕಾಣುವ ಒಂದು ರಚನೆ ಕಟ್ಟಿದರು. ಒಳಹೋಗಬೇಕಾದರೆ ಬಗ್ಗಬೇಕು. ಒಳಗೆ ಗವ್ವೆನ್ನುವ ಕತ್ತಲೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವಷ್ಟು ತಾಳ್ಮೆಯಿದ್ದರೆ ತಲೆಯ ಮೇಲೆ ನಕ್ಷತ್ರಗಳು ತೆರೆಯುತ್ತವೆ. ತಗಡಿನಲ್ಲಿ ಕೊರೆದ ಸಣ್ಣ ತೂತುಗಳಿಂದ ಇಳಿಯುವ ಬೆಳಕದು. ಆ ಬಿಡಾರದ ಮಕ್ಕಳ ಜೊತೆ ನಾನು ಗೋಲಿ ಆಡಿದ್ದೆ, ಆದರೆ ಅವರು ರಾತ್ರಿ ಮಲಗಿ ಏನನ್ನು ನೋಡುತ್ತಿದ್ದರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಚಿತ್ರಪಟವೊಂದು ಅದನ್ನು ತೋರಿಸಬಹುದಿತ್ತು. ಬೆನ್ನು ಬಗ್ಗಿಸಿ, ಕತ್ತಲೆಯಲ್ಲಿ ಕಾಯಿಸಿ, ಮೈಗೆ ಕಲಿಸಲು ಇಂಥ ಕೋಣೆಯೇ ಬೇಕು.

ಒಬ್ಬರ ಹೆಸರನ್ನೇ ಹೇಳುತ್ತಿದ್ದೇನೆಂದು ಭಾವಿಸಬೇಡಿ. ಮೈಸೂರಿನ ಎನ್. ಎಸ್. ಹರ್ಷ 2007ರ 'ನೇಷನ್ಸ್' ಕೃತಿಯಲ್ಲಿ ಹೊಲಿಗೆ ಯಂತ್ರಗಳ ಸಾಲುಗಳನ್ನು ಪೇರಿಸಿ, ಒಂದೊಂದರ ಸೂಜಿಯ ಕೆಳಗೂ ಒಂದೊಂದು ದೇಶದ ಬಾವುಟವನ್ನು ಇಟ್ಟರು. ದಾರಗಳು ಒಂದಕ್ಕೊಂದು ಸಿಕ್ಕುಬಿದ್ದಿದ್ದವು. ಬೆಂಗಳೂರಿನ ಮೈಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಗಳಿಗೆ ಬೆಳಗಾಗುತ್ತಲೇ ಬುತ್ತಿ ಹಿಡಿದು ಹೋಗುವ ಹೆಣ್ಣುಮಕ್ಕಳಲ್ಲಿ ಒಬ್ಬರಾದರೂ ಅದನ್ನು ನೋಡಿದ್ದಾರೆಯೇ? ಶಾಂತಾಮಣಿ ಮುದ್ದಯ್ಯ 2014ರ ಕೊಚ್ಚಿ ಬಿನಾಲೆಗಾಗಿ ಕಿಟ್ಟ ಮತ್ತು ಸಿಮೆಂಟಿನಿಂದ ಭಾರಿ ಬೆನ್ನೆಲುಬೊಂದನ್ನು ಕಡಲತಡಿಯಲ್ಲಿ ಮಲಗಿಸಿದರು. ಅದನ್ನು ಕಾಣಲು ಕನ್ನಡಿಗ ಕೊಚ್ಚಿಗೆ ಹೋಗಬೇಕಾಯಿತು.

ಈಗ ನನ್ನ ನಿಜವಾದ ದೂರಿಗೆ ಬರುತ್ತೇನೆ, ಅದು ತಮ್ಮ ಮೇಲಲ್ಲ. ಕೆಲವು ವರ್ಷಗಳ ಹಿಂದೆ ಗ್ಯಾಲರಿಯೊಂದರಲ್ಲಿ ಸಗಣಿ, ನಾರು, ಹಳೆಯ ಮರದ ತೊಲೆಗಳನ್ನು ಸೇರಿಸಿ ಮಾಡಿದ ಕೃತಿಯ ಮುಂದೆ ನಿಂತಿದ್ದೆ. ಪಕ್ಕದ ಫಲಕದಲ್ಲಿ ಇಂಗ್ಲಿಷಿನ ಇಪ್ಪತ್ತು ಸಾಲು. ಕೆಳಗೆ ಕನ್ನಡದಲ್ಲಿ ಕಲಾವಿದರ ಹೆಸರು ಮತ್ತು "ಮಿಶ್ರ ಮಾಧ್ಯಮ" ಎಂಬ ಎರಡು ಪದ. ಸಗಣಿಯೆಂಬ ಪದವಿಲ್ಲ, ನಾರೆಂಬ ಪದವಿಲ್ಲ, ಅದು ಕತ್ತಾಳೆಯದೋ ತೆಂಗಿನದೋ ಎಂಬ ಸುಳಿವಿಲ್ಲ. ಆ ಹೊತ್ತಿಗೆ ಶಾಲೆಯ ಮಕ್ಕಳ ಗುಂಪೊಂದು ಬಂತು. ಅವರ ಮೇಷ್ಟರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ಬಾಗಿಲಲ್ಲಿ ಕೂತಿದ್ದ ಕಾವಲುಗಾರರು ಎದ್ದು ಬಂದು, ತೊಲೆಯಲ್ಲಿದ್ದ ಕಚ್ಚನ್ನು ತೋರಿಸಿ, "ಇದು ತೊಟ್ಟಿಮನೆಯ ತೊಲೆ ಕಣ್ರಪ್ಪ, ಇಲ್ಲಿ ಕಂಬದ ಬೋದಿಗೆ ಕೂರ್ತಿತ್ತು" ಎಂದು ಶುರುಮಾಡಿ ಹತ್ತು ನಿಮಿಷ ಮಾತಾಡಿದರು. ಮಕ್ಕಳು ತೊಲೆಯನ್ನು ಸುತ್ತಿಸುತ್ತಿ ನೋಡಿದರು. ಆ ಕೃತಿಗೆ ಅಂದು ಸಿಕ್ಕ ವಿಮರ್ಶಕರು ಅವರೊಬ್ಬರೇ.

ವಸ್ತುವಿನ ನೆನಪಿನಲ್ಲಿ ಅರ್ಧಪಾಲು ಅದರ ಹೆಸರಿನಲ್ಲಿರುತ್ತದೆ ಎಂಬುದು ನನ್ನ ಬಹುಕಾಲದ ನಂಬಿಕೆ. ಒಂದೇ ಕಲ್ಲನ್ನು ತಮ್ಮ ಕಡೆ ಒಳಕಲ್ಲು ಎನ್ನುತ್ತಾರೆ, ಕರಾವಳಿಯಲ್ಲಿ ಅರೆಯುವ ಕಲ್ಲು, ಕಡೆಯುವ ಕಲ್ಲು ಎನ್ನುತ್ತಾರೆ. ರುಬ್ಬುವುದು, ಅರೆಯುವುದು, ಕಡೆಯುವುದು, ಕುಟ್ಟುವುದು, ಬೀಸುವುದು ಇವೆಲ್ಲ ಬೇರೆಬೇರೆ ಕೆಲಸಗಳೆಂದು ಬಲ್ಲ ಭಾಷೆ ನಮ್ಮದು. ಇಂಥ ಭಾಷೆಯಲ್ಲಿ ಈ ಕಲೆಯ ಬಗ್ಗೆ ಬರೆಯಲು ಕೂತವರು ಇಂಗ್ಲಿಷ್ ಪಟ್ಟಿಯನ್ನು ಮುಂದಿಟ್ಟುಕೊಂಡು ಪದಕ್ಕೆ ಪದ ಹುಡುಕುತ್ತಾರೆ. ಓದುಗ ಎರಡನೆಯ ಸಾಲಿಗೇ ಪುಟ ಮಗುಚುತ್ತಾನೆ, ಇದು ನಮ್ಮದಲ್ಲವೆಂದು ತೀರ್ಮಾನಿಸುತ್ತಾನೆ. ನಮ್ಮ ಕಳೆದ ಸಂಚಿಕೆಯ ಲೇಖನದಲ್ಲಿಯೂ ಅಂಥ ಪದಗಳಿದ್ದವು, ಅವನ್ನು ತಿದ್ದದೆ ಅಚ್ಚಿಗೆ ಕೊಟ್ಟ ತಪ್ಪು ನನ್ನದು. ಪ್ರತಿಷ್ಠಾಪನೆ ಎಂಬ ಪದ ಮಾತ್ರ ನನಗೆ ಪ್ರಿಯ. ನಮ್ಮಲ್ಲಿ ಪ್ರತಿಷ್ಠಾಪನೆಯ ಹಿಂದೆಯೇ ವಿಸರ್ಜನೆಯೂ ಬರುತ್ತದೆ: ಚೌತಿಯ ಮಣ್ಣಿನ ಗಣಪ ನೀರಿಗೆ ಹೋಗುತ್ತಾನೆ, ರಾತ್ರಿಯೆಲ್ಲ ಐದು ಬಣ್ಣದ ಪುಡಿಯಲ್ಲಿ ಬರೆದ ನಾಗಮಂಡಲ ಬೆಳಗಾಗುವಷ್ಟರಲ್ಲಿ ಕುಣಿತದ ಕಾಲಡಿಯಲ್ಲಿ ಅಳಿಸುತ್ತದೆ. ಅವು ಆರಾಧನೆಗಳು, ಗ್ಯಾಲರಿಯ ಕಲೆಯೊಂದಿಗೆ ಅವನ್ನು ಕಲಸಲಾರೆ. ಆದರೆ ಉಳಿಯದಿರುವುದನ್ನೂ ಮನಸ್ಸಿಟ್ಟು ನೋಡುವ ಅಭ್ಯಾಸ ನಮ್ಮ ಕಣ್ಣಿಗಿದೆ ಎಂದಷ್ಟೇ ಹೇಳುತ್ತೇನೆ.

"ಅದೂ ಕಲೆಯೇ?" ಎಂಬ ತಮ್ಮ ಪ್ರಶ್ನೆಗೆ ನೇರ ಉತ್ತರ ಇಷ್ಟು: ತಮ್ಮ ಹಿತ್ತಲಲ್ಲಿ ಬಿದ್ದಿರುವಷ್ಟು ಕಾಲ ಅದು ತಮ್ಮ ಮನೆಯ ಕಲ್ಲು. ಯಾರಾದರೂ ಅದನ್ನು ಕಾಣುವಂತೆ ಇಟ್ಟು, ಕಂಡವರ ಮೈಯಲ್ಲಿ ನೆನಪು ಏಳುವಂತೆ ಮಾಡಿದರೆ, ಆ ಇಡುವಿಕೆ ಕಲೆ. ಆದ್ದರಿಂದ ದಯವಿಟ್ಟು ಅದನ್ನು ಪಾಯಕ್ಕೆ ಹಾಕಬೇಡಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟಗಳನ್ನು ತಮ್ಮ ಮನೆಯವರಿಗಾಗಿ ತೆಗೆದಿಟ್ಟಿದ್ದೇನೆ. ಆ ಕಲ್ಲು ಯಾವ ಊರಿನಿಂದ ಯಾವ ಗಾಡಿಯಲ್ಲಿ ಬಂತು, ಅದರ ಮುಂದೆ ಮೊದಲು ಕೂತವರು ಯಾರು, ಗುಳಿ ಯಾವ ಕಡೆಗೆ ಹೆಚ್ಚು ಸವೆದಿದೆ, ಒಡೆಯಲು ಬಿಡದಿರುವುದು ಏಕೆ, ಎಲ್ಲವನ್ನೂ ಅವರ ಮಾತಿನಲ್ಲಿಯೇ ಬರೆದು ಕಳಿಸಲಿ. ಬರೆಯಲು ಸಂಕೋಚವಾದರೆ ಅವರು ಹೇಳಲಿ, ತಾವು ಬರೆದುಕೊಳ್ಳಿ. ಈ ತಿಂಗಳ 20ರೊಳಗೆ ನಮ್ಮ ಕೈಸೇರಿದರೆ ಸಾಕು.

— ಸಂಪಾದಕ